ಕನ್ಸೋಲ್ ಇಲ್ಲದೆ ಓಪನ್‌ಎಸ್‌ಎಸ್‌ಎಚ್ 9.8ಕ್ಕೆ ದಾಟಿದ್ದು: ನನ್ನ ಅನುಭವ

2024ರ ಜುಲೈ 1ರಂದು ಭದ್ರತಾ ಸಂಸ್ಥೆ ಕ್ವಾಲಿಸ್‌ನವರು, ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ ‘ರಿಗ್ರೆಶನ್’ ದೋಷವನ್ನು ಪ್ರಕಟಿಸಿ, ಅದೇ ದಿನ ಅದನ್ನು ಸರಿಪಡಿಸಿದ 9.8ಪಿ1 ಆವೃತ್ತಿ ಬಿಡುಗಡೆಯಾದಾಗ, ನನ್ನ ಉಸ್ತುವಾರಿಯಲ್ಲಿ ಗ್ರಾಹಕರ ಸುಮಾರು ಅರವತ್ತು ಸರ್ವರ್‌ಗಳಿದ್ದವು. ಅವುಗಳಲ್ಲಿ ನಡೆಯುತ್ತಿದ್ದುದು ನಾವೇ ಮೂಲದಿಂದ ಕಂಪೈಲ್ ಮಾಡಿ ಹಂಚುವ ಪ್ಯಾಕೇಜ್ ಆದ್ದರಿಂದ, ಸರಿಪಡಿಸಿದ ಆವೃತ್ತಿಯನ್ನೂ ನಾವೇ ಹೊರಡಿಸಬೇಕಿತ್ತು. ಎಸ್‌ಎಸ್‌ಎಚ್ ಮೂಲಕವೇ ಒಳಹೊಕ್ಕು ಸರ್ವರ್‌ನಲ್ಲಿ ಸಂಪರ್ಕಗಳಿಗಾಗಿ ಕಾಯುವ ಅದರ ಭಾಗವಾದ ಎಸ್‌ಎಸ್‌ಎಚ್‌ಡಿಯನ್ನು ಬದಲಿಸುತ್ತೇನೆ ಎಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಡೇಟಾ ಸೆಂಟರ್‌ನವರಿಂದ ಕನ್ಸೋಲ್ (ಎಸ್‌ಎಸ್‌ಎಚ್ ಇಲ್ಲದೆಯೂ ಯಂತ್ರಕ್ಕೆ ನೇರವಾಗಿ ಸಿಗುವ ಪರದೆ, ಕೀಲಿಮಣೆ) ಹಾಕಿಸಿಕೊಳ್ಳದೆ ಕೈ ಹಾಕಬಾರದು ಎಂಬುದು ಅವರ ವಾದ. ಆ ಸೇವೆಗೆ ಅರ್ಧ ಗಂಟೆಗೆ ಎರಡೂವರೆ ಸಾವಿರ ರೂಪಾಯಿಯಂತೆ, ಒಟ್ಟು ಒಂದೂವರೆ ಲಕ್ಷದ ಹತ್ತಿರ ಆಗುತ್ತಿತ್ತು.

ಎಲ್ಲರೂ ಸೂಚಿಸಿದ ಸುಲಭದ ದಾರಿ ಲಾಗಿನ್ ಆಗಲು ಕೊಡುವ ಸಮಯದ ಮಿತಿಯಾದ ಲಾಗಿನ್‌ಗ್ರೇಸ್‌ಟೈಮ್ ಅನ್ನು ಸೊನ್ನೆ ಮಾಡುವುದು, ಅಂದರೆ ಮಿತಿಯನ್ನೇ ತೆಗೆಯುವುದು. ಆ ಸಮಯ ಮುಗಿದಾಗ ಬರುವ ಅಲಾರ್ಮ್ ಸಿಗ್ನಲ್ ನಡೆಯುತ್ತಿರುವ ಕೆಲಸದ ನಡುವೆ ನುಗ್ಗಿ ಡಿಕ್ಕಿಯಾಗುವುದೇ (ರೇಸ್) ಈ ದೋಷ; ಸಿಗ್ನಲ್ಲೇ ಬಾರದಿದ್ದರೆ ರೇಸ್ ಕೂಡ ಇಲ್ಲ, ನಿಜ. ಆದರೆ ಒಂದು ಪರೀಕ್ಷಾ ಯಂತ್ರದಲ್ಲಿ ಹಾಗೆ ಮಾಡಿ, ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗದ ಖಾಲಿ ಸಂಪರ್ಕಗಳನ್ನು ತೆರೆಯುತ್ತ ಹೋದೆ. ಇನ್ನೂ ಲಾಗಿನ್ ಆಗದ ಸಂಪರ್ಕಗಳ ಮಿತಿಯಾದ ಮ್ಯಾಕ್ಸ್‌ಸ್ಟಾರ್ಟಪ್ಸ್ 10:30:100 ಎಂದೇ ಇತ್ತು. ಹತ್ತು ದಾಟಿದ ಮೇಲೆ ಕೆಲವು ಸಂಪರ್ಕಗಳು ಬೀಳತೊಡಗಿದವು, ನೂರಕ್ಕೆ ಬಾಗಿಲು ಪೂರ್ತಿ ಮುಚ್ಚಿತು; ಸಮಯದ ಮಿತಿಯೇ ಇಲ್ಲದ್ದರಿಂದ ಆ ಸಂಪರ್ಕಗಳು ತಾವಾಗಿ ಖಾಲಿಯಾಗಲೂ ಇಲ್ಲ.

ಹಳೆಯ 9.6ಕ್ಕೇ ತೇಪೆ ಹಾಕುವುದು ಎರಡನೆಯ ದಾರಿ. ಬದಲಾವಣೆ ಬಹಳ ಸಣ್ಣದು: 2020ರ ಅಕ್ಟೋಬರ್‌ನಲ್ಲಿ ಕಳಚಿಹೋಗಿದ್ದ ರಕ್ಷಣೆಯನ್ನು ಮರಳಿ ತಂದು, ಆ ಸಿಗ್ನಲ್ ಬಂದಾಗ ಓಡುವ ಕೋಡ್‌ನೊಳಗೆ (ಸಿಗ್ನಲ್ ಹ್ಯಾಂಡ್ಲರ್) ಲಾಗ್ ಬರೆಯದೆ ನೇರವಾಗಿ ಹೊರಬೀಳುವಂತೆ ಮಾಡಿದರೆ ಸಾಕು. ತಾಂತ್ರಿಕವಾಗಿ ಅದು ಸರಿಯಾಗಿಯೇ ಕೆಲಸ ಮಾಡಿತು. ಆದರೆ ಗ್ರಾಹಕರೊಬ್ಬರ ಆಡಿಟರ್ ನಡೆಸಿದ ಸ್ಕ್ಯಾನರ್ ಸಂಪರ್ಕದ ಆರಂಭದಲ್ಲಿ ಸರ್ವರ್ ತನ್ನ ಆವೃತ್ತಿ ಹೇಳುವ ಸಾಲಿನಲ್ಲಿ (ಬ್ಯಾನರ್) 9.6 ಎಂದಿರುವುದನ್ನಷ್ಟೇ ನೋಡಿ ದೋಷವಿದೆ ಎಂದು ವರದಿ ಕೊಟ್ಟಿತು, ನಮ್ಮ ನಲವತ್ತು ಸಾವಿರದಷ್ಟು ಬಿಲ್ ಎರಡು ತಿಂಗಳು ನಿಂತಿತು.

ಆದ್ದರಿಂದ 9.8ಕ್ಕೇ ಹೋಗುವುದೆಂದು ತೀರ್ಮಾನಿಸಿದೆ. ಈ ಆವೃತ್ತಿಯಲ್ಲಿ ಕಾಯುವ ಕೆಲಸ ಎಸ್‌ಎಸ್‌ಎಚ್‌ಡಿಗೂ, ಪ್ರತಿ ಸಂಪರ್ಕವನ್ನು ನಿಭಾಯಿಸುವ ಕೆಲಸ ಎಸ್‌ಎಸ್‌ಎಚ್‌ಡಿ-ಸೆಷನ್‌ಗೂ ಹಂಚಿಕೆಯಾಗಿದೆ. ಹೀಗಾಗಿ, ಮೆಮೊರಿಯಲ್ಲಿ ಓಡುತ್ತಿರುವ ಹಳೆಯ ಎಸ್‌ಎಸ್‌ಎಚ್‌ಡಿ ಹೊಸ ಸಂಪರ್ಕ ಬಂದಾಗ ಡಿಸ್ಕ್‌ನಲ್ಲಿರುವ ತನ್ನದೇ ಫೈಲನ್ನು ಮತ್ತೆ ಎಬ್ಬಿಸಲು ಹೋಗುತ್ತದೆ, ಅಲ್ಲಿ ಈಗಾಗಲೇ 9.8 ಕುಳಿತಿರುತ್ತದೆ, ಸಂಪರ್ಕ ಅಲ್ಲೇ ಸಾಯುತ್ತದೆ. ಮರುಚಾಲನೆ ಆಗುವವರೆಗೂ ಹೊಸದಾಗಿ ಯಾರೂ ಒಳಬರಲಾಗದು. ನಮ್ಮ ಪರೀಕ್ಷೆಯಲ್ಲಿ, ಹಳೆಯ ಕಾನ್ಫಿಗ್ ಫೈಲ್ ಇಟ್ಟುಕೊಳ್ಳಬೇಕೇ ಎಂದು ಪ್ಯಾಕೇಜ್ ಏರಿಸುವ ಸಾಧನವಾದ ಡಿಪಿಕೆಜಿ ಪ್ರಶ್ನೆ ಕೇಳುತ್ತ ನಿಂತ ಹೊತ್ತಿಗೇ ನೆಟ್‌ವರ್ಕ್ ಹೋಗಿ, ಆ ಯಂತ್ರ ಪೂರ್ತಿ ಕೈತಪ್ಪಿತು. ಜೊತೆಯವರ ಭಯಕ್ಕೆ ಆಧಾರವಿತ್ತು.

ನಾನು ಮಾಡಿದ್ದಿಷ್ಟು. 9.8ನ್ನೇ ಬೇರೆ ಪ್ರಿಫಿಕ್ಸ್ (ಫೈಲ್‌ಗಳು ಕೂರುವ ಫೋಲ್ಡರ್) ಕೊಟ್ಟು ಕಟ್ಟಿ, ಅದರ ಸೆಷನ್ ಫೈಲೂ ಪ್ರತ್ಯೇಕವಾಗಿರುವಂತೆ ನೋಡಿಕೊಂಡು, ಇನ್ನೊಂದು ಪೋರ್ಟ್‌ನಲ್ಲಿ ನಮ್ಮ ಕಚೇರಿಯ ವಿಳಾಸಕ್ಕೆ ಮಾತ್ರ ತೆರೆದಿಟ್ಟೆ. ಆ ಬಾಗಿಲಿನಿಂದ ಒಳಹೊಕ್ಕು, ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ, ಹಳೆಯ ಕಾನ್ಫಿಗ್ ಉಳಿಸಿಕೊಳ್ಳಲು ಮೊದಲೇ ತಿಳಿಸಿ, ಮರುಚಾಲನೆಯನ್ನು ಪ್ಯಾಕೇಜಿನ ಸ್ಕ್ರಿಪ್ಟ್‌ಗೇ ಸೇರಿಸಿ ಮುಖ್ಯ ಪ್ಯಾಕೇಜ್ ಏರಿಸಿದೆ. ಹೊಸ ಲಾಗಿನ್ ಸಾಧ್ಯವಾಗದಿದ್ದರೆ ಹಳೆಯದಕ್ಕೆ ತಾನಾಗಿ ಮರಳುವ ಟೈಮರ್ ಒಂದಿತ್ತು. ಅದನ್ನು ಹೇಗೆ ಕಟ್ಟಿದೆ ಎಂಬುದು ನಮ್ಮ ಹೊಟ್ಟೆಪಾಡಿನ ವಿಷಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಮೂರು ರಾತ್ರಿಗಳಲ್ಲಿ ಎಲ್ಲ ಸರ್ವರ್‌ಗಳೂ ಮುಗಿದವು. ಕನ್ಸೋಲ್‌ಗೆಂದು ಒಂದು ರೂಪಾಯಿಯೂ ಹೋಗಲಿಲ್ಲ. ಬೇಡ ಎಂದವರೇ ಈಗ ಇದೇ ಕ್ರಮವನ್ನು ತಮ್ಮ ಯಂತ್ರಗಳಲ್ಲಿ ಬಳಸುತ್ತಿದ್ದಾರೆ.

ಆಮೇಲಿನ ತೊಂದರೆಗಳೂ ಇದ್ದವು. ಲಾಗ್‌ನಲ್ಲಿ ಹೆಸರು ಎಸ್‌ಎಸ್‌ಎಚ್‌ಡಿ-ಸೆಷನ್ ಎಂದಾದ್ದರಿಂದ ಲಾಗ್ ನೋಡಿ ದಾಳಿಕೋರರ ವಿಳಾಸ ತಡೆಯುವ ಫೇಲ್‌2ಬ್ಯಾನ್‌ನ ಹಳೆಯ ಫಿಲ್ಟರ್ ಮೌನವಾಯಿತು, ಅದನ್ನು ತಿದ್ದಬೇಕಾಯಿತು. ಅನುಮಾನ ತರುವ ವಿಳಾಸಗಳನ್ನು ತಡೆಯಲು ಹೊಸದಾಗಿ ಬಂದ ಪರ್‌ಸೋರ್ಸ್‌ಪೆನಾಲ್ಟೀಸ್, ಎಸ್‌ಎಸ್‌ಎಚ್‌ನ ಪೋರ್ಟ್ 22ನ್ನು ಮುಟ್ಟಿ ಲಾಗಿನ್ ಆಗದೆ ಹೋಗುವ ನಮ್ಮ ಮಾನಿಟರಿಂಗ್ ಸರ್ವರನ್ನೇ ತಡೆಯಿತು. ವಿನಾಯಿತಿ ಪಟ್ಟಿಗೆ ಅದರ ವಿಳಾಸ ಸೇರಿಸಿದ ಮೇಲೆ ಸರಿಹೋಯಿತು. 9.8ರಲ್ಲಿ ಸಹಜವಾಗಿ ಸೇರದ ಹಳೆಯ ಬಗೆಯ ಡಿಎಸ್‌ಎ ಕೀಲಿಯನ್ನೇ ನಂಬಿದ್ದ ಒಂದು ಹಳೆಯ ಬ್ಯಾಕಪ್ ಯಂತ್ರಕ್ಕಾಗಿ ಕಂಪೈಲ್ ಆಯ್ಕೆ ಬದಲಿಸುವ ಬದಲು ಹೊಸ ಕೀಲಿಯನ್ನೇ ಮಾಡಿಸಿದೆ. ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇನ್ನೊಂದು ಸಂಗತಿ: 9.8ರಲ್ಲಿ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಗೆ ಸೂಚನೆ ಕೊಡುವ ಕೋಡ್ ಒಳಗೇ ಇರುವುದರಿಂದ ಲಿಬ್‌ಸಿಸ್ಟಮ್‌ಡಿ ಎಂಬ ಲೈಬ್ರರಿ ಬೇಕಾಗಲಿಲ್ಲ. ಪ್ರೋಗ್ರಾಂಗೆ ಜೋಡಣೆಯಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಹಾಕಿ ನೋಡಿದರೆ, ಅದರ ಜೊತೆ ಬರುತ್ತಿದ್ದ, 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ ಹಿಂಬಾಗಿಲು ಸಿಕ್ಕ ಆ ಲಿಬ್‌ಎಲ್‌ಝಡ್‌ಎಂಎ ಪಟ್ಟಿಯಲ್ಲಿ ಇರಲೇ ಇಲ್ಲ.

2025ರ ಏಪ್ರಿಲ್‌ನಲ್ಲಿ 10.0 ಬಂದಾಗ ಲಾಗಿನ್ ಪರಿಶೀಲಿಸುವ ಎಸ್‌ಎಸ್‌ಎಚ್‌ಡಿ-ಆಥ್ ಎಂಬ ಮೂರನೆಯ ಫೈಲನ್ನು ಪ್ಯಾಕೇಜಿಗೆ ಸೇರಿಸಿದೆ. ಉಳಿದದ್ದಕ್ಕೆ ಇದೇ ಕ್ರಮ ಸಾಕಾಯಿತು.