ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್ ಬೇಟೆ: ಸುಲಭವಾಗಿ ಸಿಗುವ ಟ್ಯಾಗ್ ಬಗ್ಗೆ ಎಚ್ಚರ

ಅಮೆರಿಕದ ವಯೋಮಿಂಗ್ ರಾಜ್ಯಕ್ಕೆ ಜಿಂಕೆಯಂಥ ಪ್ರಾಂಗ್‌ಹಾರ್ನ್ ಪ್ರಾಣಿಯ ಬೇಟೆಗೆ ಗೈಡ್ ಇಲ್ಲದೆ ಮೊದಲ ಸಲ ಹೊರಡುವ ನಮ್ಮವರು ಬಂದೂಕು, ದುರ್ಬೀನಿಗೆ ಹತ್ತು ಅಂಗಡಿ ಸುತ್ತುತ್ತಾರೆ. ಬೇಟೆಯ ಪ್ರದೇಶವನ್ನು ಮಾತ್ರ, ಕಳೆದ ವರ್ಷ ಅರ್ಜಿ ಹಾಕಿದವರಿಗೆಲ್ಲ ಟ್ಯಾಗ್ (ಆ ಪ್ರದೇಶದಲ್ಲಿ ಒಂದು ಪ್ರಾಣಿ ಹೊಡೆಯುವ ಲೈಸೆನ್ಸ್) ಸಿಕ್ಕಿದೆ ಎಂದು ನೋಡಿ ಆರಿಸಿಬಿಡುತ್ತಾರೆ. ದುಡ್ಡು ಮುಳುಗುವುದು ಅಲ್ಲೇ.

ಹೊರರಾಜ್ಯದವರ ಅರ್ಜಿ ಜೂನ್ ಆರಂಭದಲ್ಲೇ ಮುಗಿಯುತ್ತದೆ. ಸಾಮಾನ್ಯ ಲೈಸೆನ್ಸ್ 326 ಡಾಲರ್, ಅರ್ಜಿ ಶುಲ್ಕ 15. 1966ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಪ್ರಮಾಣಪತ್ರ ಬೇಕು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಯಾರ ಜಮೀನಿಗೂ ಕಾಲಿಡುವಂತಿಲ್ಲ. ಪೂರ್ವಭಾಗದ ಹುಲ್ಲುಗಾವಲು ಬಹುಪಾಲು ದನ ಸಾಕುವ ರ‍್ಯಾಂಚ್‌ಗಳ ಸ್ವಂತ ನೆಲ. ಅಲ್ಲಿ ಟ್ಯಾಗ್ ಮಿಕ್ಕಿದ್ದರೆ, ಒಳಹೋಗಲು ದಾರಿಯಿಲ್ಲವೆಂದು ಬಲ್ಲವರು ದೂರ ಉಳಿದಿದ್ದಾರೆ ಎಂದೇ ಮೊದಲು ಅನುಮಾನಿಸಿ. ನಕ್ಷೆಯಲ್ಲಿ ಹಳದಿ ಎಂದರೆ ಫೆಡರಲ್ ಸರ್ಕಾರದ ಸಾರ್ವಜನಿಕ ಬಿಎಲ್‌ಎಂ ಭೂಮಿ, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಹಳದಿ ದೊಡ್ಡದಿದ್ದರೆ ಸಾಲದು, ಸಾರ್ವಜನಿಕ ರಸ್ತೆ ಅದನ್ನು ಮುಟ್ಟಬೇಕು. ಸುತ್ತ ಬಿಳಿಯೇ ಇದ್ದರೆ ಅದು ಕಾಗದದ ಮೇಲಷ್ಟೇ ನಿಮ್ಮದು. ಬೇಲಿ, ಬೋರ್ಡು ಇಲ್ಲವೆಂಬ ನೆಪವೂ ನಡೆಯದು. ಗಡಿ ತಿಳಿದಿರಬೇಕಾದವರು ನೀವೇ. ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಬಯಲಿನಲ್ಲಿ ಸಿಗ್ನಲ್ ಇರುವುದಿಲ್ಲ.

ಪಾರಾಗುವ ದಾರಿ ಎರಡು. ರಾಜ್ಯದ ವನ್ಯಜೀವಿ ಇಲಾಖೆಯ ವಾಕ್-ಇನ್ ಜಾಗಗಳಿರುವ (ಖಾಸಗಿ ನೆಲವಾದರೂ ಬೇಟೆಗಾರರು ನಡೆದು ಹೋಗಬಹುದಾದ) ಪ್ರದೇಶ ಆರಿಸುವುದು, ಇಲ್ಲವೇ ಅರ್ಜಿಗೆ ಮುಂಚೆಯೇ ರ‍್ಯಾಂಚ್ ಮಾಲೀಕರನ್ನು ಕೇಳುವುದು. ಹಲವರು ಪ್ರವೇಶಕ್ಕೆ ಹಣ ಕೇಳುತ್ತಾರೆ. ಹೆಣ್ಣು ಪ್ರಾಣಿಯ ಟ್ಯಾಗ್‌ಗಾದರೆ ಕಡಿಮೆಗೆ ಒಪ್ಪುವುದೂ ಉಂಟು. ಬೇಟೆಗಾರರ ಶುಲ್ಕದಿಂದಲೇ ವನ್ಯಜೀವಿಗಳ ಹೆಚ್ಚಿನ ಕೆಲಸ ನಡೆಸುವ ಈ ಪದ್ಧತಿ ಮೆಚ್ಚತಕ್ಕದ್ದೇ. ಆದರೆ ದಾರಿಯಿಲ್ಲದ ಜಾಗಕ್ಕೂ ಟ್ಯಾಗ್ ಮಾರಿ, ಎಚ್ಚರಿಕೆಯನ್ನು ನಿಯಮಪುಸ್ತಕದೊಳಗೆ ಇಟ್ಟುಬಿಡುವುದು ಸರಿಯಲ್ಲ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಿ. ಎಚ್-1ಬಿಯಂಥ ತಾತ್ಕಾಲಿಕ ವಾಸದ, ಅಂದರೆ ನಾನ್-ಇಮಿಗ್ರಂಟ್ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಲೈಸೆನ್ಸ್ ಅವಧಿ ತೀರಿದ ಮೇಲೂ ಬಂದೂಕು ಕಪಾಟಿನಲ್ಲಿದ್ದರೆ ಅದು ಗಡೀಪಾರಿಗೂ ಕಾರಣವಾಗಬಲ್ಲ ಅಪರಾಧ. ನಿಮ್ಮ ರಾಜ್ಯದ ಬೇಟೆ ಲೈಸೆನ್ಸನ್ನು ಪ್ರತಿವರ್ಷ ತಪ್ಪದೆ ನವೀಕರಿಸಿ, ಅನುಮಾನವಿದ್ದರೆ ವಕೀಲರನ್ನು ಕೇಳಿ.

ಪಾಯಿಂಟ್ 243 ಅಳತೆಯ ಗುಂಡಿನ ರೈಫಲ್ ಸಾಕು. ಕಿತ್ತಳೆ ಅಥವಾ ಗುಲಾಬಿ ಫ್ಲೋರೊಸೆಂಟ್ ಉಡುಪು ಕಡ್ಡಾಯ. ಪ್ರಾಣಿ ಬಿದ್ದ ಜಾಗ ಬಿಡುವ ಮುಂಚೆ ಲೈಸೆನ್ಸ್ ಜೊತೆ ಬರುವ ಕೂಪನ್‌ಗೆ ದಿನಾಂಕ, ಸಹಿ ಹಾಕಿ ಪ್ರಾಣಿಗೆ ಕಟ್ಟಿ. ಸೆಪ್ಟೆಂಬರ್ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಪ್ರಾಂಗ್‌ಹಾರ್ನ್ ಮಾಂಸ ವಾಸನೆ ಎಂದು ದೂರುವವರಲ್ಲಿ ಹೆಚ್ಚಿನವರು ಅದನ್ನು ಪಿಕಪ್‌ನ ಹಿಂದೆ ಹಾಕಿಕೊಂಡು ಊರೆಲ್ಲ ತಿರುಗಿದವರು. ತಕ್ಷಣ ಕರುಳು ತೆಗೆದು, ಚರ್ಮ ಸುಲಿದು, ಮಾಂಸವನ್ನು ಐಸ್ ಮೇಲಿಡಿ. ಕೂಲರಿನ ನೀರು ಹೋಗುವ ತೂತು ತೆರೆದಿರಲಿ.