ಮಿರರ್‌ಲೆಸ್ ಕ್ಯಾಮೆರಾಗೆ ಹಳೇ ಲೆನ್ಸ್: ಅಡಾಪ್ಟರ್‌ಗೆ ಶಿಮ್ ಹಾಕಿದ ನನ್ನ ಅನುಭವ

ಕನ್ನಡಿಯಿದ್ದ ಹಳೇ ಎಸ್‌ಎಲ್‌ಆರ್ ಕ್ಯಾಮೆರಾದ ವೈಡ್ ಲೆನ್ಸನ್ನು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಾಡಿಗೆ ಅಡಾಪ್ಟರ್ (ನಡುವಿನ ಜೋಡಣೆ ಕೊಳವೆ) ಮೂಲಕ ಹಾಕಿದರೆ ಚಿತ್ರದ ಮೂಲೆಗಳು ಕಲಸಿಹೋಗುತ್ತವೆ, ಕೆಲಸಕ್ಕೆ ನೇಟಿವ್ ಲೆನ್ಸೇ (ಆ ಬಾಡಿಗೆಂದೇ ಮಾಡಿದ್ದು) ಬೇಕು ಎಂದು ವಾದಿಸುತ್ತಿದ್ದವರೇ ಈಗ ನನ್ನ 24 ಎಂಎಂ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ ಇದು ಯಾವ ಲೆನ್ಸ್ ಎಂದು ಕೇಳುತ್ತಾರೆ. ಅದು ನಿಕಾನ್‌ನ ಹಳೇ ಮ್ಯಾನುವಲ್ ಫೋಕಸ್ ಲೆನ್ಸ್, ನಿಕ್ಕಾರ್ 24 ಎಂಎಂ ಎಫ್/2.8 ಎಐ-ಎಸ್, ಅಪರ್ಚರ್ (ಬೆಳಕು ಬಿಡುವ ತೂತು) ಎಫ್/8ಕ್ಕೆ ಇಳಿಸಿದ್ದು. ಲೆನ್ಸ್ ಬಿಚ್ಚಿಲ್ಲ, ಗಾಜು ಬದಲಿಸಿಲ್ಲ. ಅಡಾಪ್ಟರ್‌ನ ಒಳಗೆ ಹೆಚ್ಚುಕಡಿಮೆ 0.12 ಎಂಎಂ ದಪ್ಪದ ಶಿಮ್, ಅಂದರೆ ಕೊರತೆ ತುಂಬುವ ತೆಳು ಪದರ, ಕೂತಿದೆ, ಅಷ್ಟೇ.

ಫ್ಲೇಂಜ್ ದೂರ ಎಂದರೆ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರ್‌ವರೆಗಿನ ಅಂತರ, ಒಂದೊಂದು ಮೌಂಟ್‌ಗೆ ಒಂದೊಂದು. ನಿಕಾನ್ ಎಫ್ 46.5, ಸೋನಿ ಇ 18, ನಡುವಿನ 28.5 ಎಂಎಂ ಅಡಾಪ್ಟರ್‌ನದು. ಅದೇ ಸೋನಿಗೆ ಬೇರೆ ಹಳೇ ಮೌಂಟ್‌ಗಳ ಅಡಾಪ್ಟರ್ ಉದ್ದ: ಎಂ42ಕ್ಕೆ 27.46, ಒಲಿಂಪಸ್ ಓಎಂಗೆ 28, ಕ್ಯಾನನ್ ಎಫ್‌ಡಿಗೆ 24. ಅಗ್ಗದ ಅಡಾಪ್ಟರ್‌ಗಳು ಹೆಚ್ಚಾಗಿ ಇದಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಇರುತ್ತವೆ, ಅದೂ ಬೇಕೆಂದೇ. ಉದ್ದವಾಗಿದ್ದರೆ ಇನ್ಫಿನಿಟಿ, ಅಂದರೆ ಅತಿ ದೂರದ ವಸ್ತುವಿನ ಫೋಕಸ್, ಸಿಗುವುದಿಲ್ಲ, ಕೊಂಡವನು ಮರುದಿನವೇ ವಾಪಸ್ ತರುತ್ತಾನೆ. ಗಿಡ್ಡವಿದ್ದರೆ ಫೋಕಸ್ ರಿಂಗ್ ಇನ್ಫಿನಿಟಿ ದಾಟಿ ಸ್ವಲ್ಪ ಮುಂದೆ ತಿರುಗುತ್ತದೆ, ಯಾರೂ ದೂರುವುದಿಲ್ಲ. ನನ್ನ ಕೈಗೆ ಬಂದವುಗಳಲ್ಲಿ ಬಹುಪಾಲು 0.1ರಿಂದ 0.2 ಎಂಎಂ ಕಡಿಮೆ ಇದ್ದವು.

ಇಷ್ಟು ಕೊರತೆಯಿಂದ ಏನಾಗುತ್ತದೆ ಎಂದು ನೋಡಲು ಫೋಕಲ್ ಲೆಂಗ್ತ್‌ನ ವರ್ಗವನ್ನು ಕೊರತೆಯಿಂದ ಭಾಗಿಸಿ. 50 ಎಂಎಂ ಲೆನ್ಸ್‌ಗೆ 0.1 ಕೊರತೆಯಿದ್ದರೆ 25 ಮೀಟರ್: ನಿಜವಾದ ಇನ್ಫಿನಿಟಿ ಲೆನ್ಸ್ ಮೇಲಿನ ದೂರದ ಸ್ಕೇಲ್‌ನ 25 ಮೀಟರ್ ಜಾಗದಲ್ಲಿ ಬಂದು ಕೂರುತ್ತದೆ. ಸಾಧಾರಣ 50ರಲ್ಲಿ ಗಾಜೆಲ್ಲ ಒಟ್ಟಿಗೇ ಹಿಂದೆ ಮುಂದೆ ಸರಿಯುವುದರಿಂದ ಸ್ಕೇಲ್ ಸುಳ್ಳು ಹೇಳುತ್ತದೆಯೇ ಹೊರತು ಚಿತ್ರಕ್ಕೇನೂ ಆಗದು. 24ಕ್ಕೆ ಅದೇ 0.1 ಎಂದರೆ ಆರು ಮೀಟರ್ ಒಳಗೆ, 0.2 ಎಂದರೆ ಮೂರು ಮೀಟರ್ ಒಳಗೆ. ಎಡವಟ್ಟಾಗುವುದು ಇಲ್ಲೇ. ಈ 24ರಲ್ಲಿ ಸಿಆರ್‌ಸಿ, ಅಂದರೆ ಹತ್ತಿರದ ವಸ್ತುವಿಗೂ ಮೂಲೆ ಚೊಕ್ಕವಿಡುವ ತಿದ್ದುಪಡಿ, ಇದೆ. ನಿಕಾನ್ 1967ರಲ್ಲಿ ಅದನ್ನು ಮೊದಲು ತಂದದ್ದೂ 24 ಎಫ್/2.8ರಲ್ಲೇ. ಫೋಕಸ್ ತಿರುಗಿಸಿದಂತೆ ಒಳಗಿನ ಗುಂಪುಗಳ ನಡುವಿನ ಅಂತರವೂ ಬದಲಾಗುತ್ತದೆ, ಮತ್ತು ಆ ಅಂತರ ರಿಂಗ್‌ನ ಸ್ಥಾನಕ್ಕೆ ಕಟ್ಟುಬಿದ್ದದ್ದು. ಗಿಡ್ಡ ಅಡಾಪ್ಟರ್‌ನಲ್ಲಿ ದೂರದ ಬೆಟ್ಟ ತೆಗೆಯುವಾಗಲೂ ಲೆನ್ಸ್ ತಾನು ಮೂರು ಮೀಟರ್‌ನ ವಸ್ತು ನೋಡುತ್ತಿದ್ದೇನೆ ಎಂದುಕೊಂಡು ಮೂಲೆ ತಿದ್ದುತ್ತಿರುತ್ತದೆ. ನಡುಭಾಗ ಚೊಕ್ಕ, ಮೂಲೆ ಹಾಳು. ಬೈಗುಳ ಮಾತ್ರ ಹಳೇ ಗಾಜಿಗೆ.

ಶಿಮ್ ಹಾಕುವ ಕ್ರಮ ಹೀಗೆ. ಟ್ರೈಪಾಡ್ ಮೇಲೆ, ಅಪರ್ಚರ್ ಪೂರ್ತಿ ತೆರೆದು, ಕನಿಷ್ಠ ಕೆಲವು ನೂರು ಮೀಟರ್ ದೂರದ ಗೆರೆಗೆರೆ ವಸ್ತುವಿನ ಮೇಲೆ, ಪರದೆ ಹಿಗ್ಗಿಸಿ ಫೋಕಸ್ ಮಾಡಿ. 105 ಎಂಎಂನಂಥ ಟೆಲಿ ಲೆನ್ಸ್‌ಗೆ ಈ ದೂರ ಸಾಲದು, ಕಿಲೋಮೀಟರ್‌ಗಳಾಚೆಯದು ಅಥವಾ ನಕ್ಷತ್ರವೇ ಬೇಕು. ಚೊಕ್ಕವಾದಾಗ ಸ್ಕೇಲ್ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. ನನ್ನದು ನಾಲ್ಕೂವರೆ ಮೀಟರ್ ಆಸುಪಾಸು ತೋರಿಸಿತು. 24ರ ವರ್ಗ 576 ಭಾಗಿಸು 4500, ಸುಮಾರು 0.128 ಎಂಎಂ. ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ತೆಳು ಪ್ಲಾಸ್ಟಿಕ್ ಟೇಪ್) ಅಂಟಿನ ಸಮೇತ ಒಂದು ಪದರಕ್ಕೆ 0.06ರಷ್ಟು ಬರುತ್ತದೆ, ಎರಡು ಪದರ ಸರಿಹೋಯಿತು. ಇನ್ನೂ ನಯವಾಗಿ ಹೊಂದಿಸಬೇಕಾದರೆ ಅಲ್ಯೂಮಿನಿಯಂ ಫಾಯಿಲ್, ಪದರಕ್ಕೆ 0.015ರ ಹತ್ತಿರ. ಲೆನ್ಸ್ ಕಡೆಯ ಉಂಗುರದ ಸ್ಕ್ರೂ ತೆಗೆದು, ಟೇಪನ್ನು ಉಂಗುರದ ಹಿಂಬದಿಗೆ ಅಂಟಿಸಿ, ಸ್ಕ್ರೂ ತೂತುಗಳನ್ನು ಬ್ಲೇಡಿನಿಂದ ಬಿಡಿಸಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ಒಂದು ಕಡೆಯಿಂದ ಸಾಲಾಗಿ ಬಿಗಿದರೆ ಉಂಗುರ ಓರೆಯಾಗುತ್ತದೆ. ಇನ್ಫಿನಿಟಿಯನ್ನು ಗುರುತಿನ ಮೇಲೇ ಕರಾರುವಾಕ್ಕಾಗಿ ಕೂರಿಸಲು ಹೋಗಬೇಡಿ. ಬಿಸಿಲಿಗೆ ಲೋಹ ಹಿಗ್ಗುತ್ತದೆ, ಒಂದೆಳೆ ಆಟ ಉಳಿದಿರಲಿ. ದೂರದ ವಸ್ತುವೇ ಕಾಣದ ಮೋಡದ ದಿನ ಇನ್ನೊಂದು ಲೆನ್ಸನ್ನೇ ಕಾಲಿಮೇಟರ್ (ಹತ್ತಿರದ ಗುರಿಯನ್ನು ಅತಿ ದೂರದ್ದರಂತೆ ತೋರಿಸುವ ಸಾಧನ) ಮಾಡಿಕೊಳ್ಳುವ ಉಪಾಯ ಇದೆ, ಅದನ್ನು ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ವರ್ನಿಯರ್‌ನಲ್ಲಿ ಅಳೆದು ಶಿಮ್ ಕತ್ತರಿಸುವುದು ನನ್ನಲ್ಲಿ ಕೈಕೊಟ್ಟಿತು. ಲೆನ್ಸ್‌ಗೂ ಬಾಡಿಗೂ ತಮ್ಮದೇ ವ್ಯತ್ಯಾಸ ಇರುತ್ತದೆ, ಕೊನೆಯ ಮಾತು ಚಿತ್ರದ್ದೇ. ಅಳತೆ ಬೇಕಾಗುವುದು ಓರೆ ಪತ್ತೆಗೆ: ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ, ಅಲಂಕಾರದ ಅಂಚಿನ ಮೇಲಲ್ಲ, ಮುಖಕ್ಕೆ ಮುಖ ಕೂರುವ ಜಾಗದಲ್ಲಿ. 0.03ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಅಡಾಪ್ಟರ್ ವೈಡ್‌ಗೆ ಬೇಡ, ಟೆಲಿಗೆ ಇಟ್ಟುಕೊಳ್ಳಿ. ಮೈಕ್ರೋಮೀಟರ್ ಇಲ್ಲವೇ? ಅದೇ ಅಡಾಪ್ಟರ್‌ನಲ್ಲಿ ಎರಡು ಲೆನ್ಸ್ ಹಾಕಿ ನೋಡಿ. ಎರಡರಲ್ಲೂ ಒಂದೇ ಬದಿ ಮಸುಕಾದರೆ ತಪ್ಪು ಅಡಾಪ್ಟರ್‌ನದು, ಒಂದರಲ್ಲಿ ಮಾತ್ರವಾದರೆ ಆ ಲೆನ್ಸಿನ ಗಾಜು ನಡು ತಪ್ಪಿದೆ.

ಇನ್ನೊಂದು ಕಾಯಿಲೆ ಅಡಾಪ್ಟರ್ ಒಳಗೋಡೆಯ ಹೊಳಪು. ಕಪ್ಪು ಬಣ್ಣ ಹೊಡೆದಂತೆ ಕಂಡರೂ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಫಳಫಳ ಅನ್ನುತ್ತದೆ. ಎದುರು ಬೆಳಕಿನಲ್ಲಿ ಚಿತ್ರದ ನಡುವೆ ಹಾಲು ಚೆಲ್ಲಿದಂತಾಗುವುದಕ್ಕೆ ಅನೇಕ ಸಲ ಕಾರಣ ಲೆನ್ಸ್ ಕೋಟಿಂಗ್ ಅಲ್ಲ, ಈ ಗೋಡೆ. ಮಖಮಲ್ಲಿನಂಥ ಕಪ್ಪು ಅಂಟುಕಾಗದ ಸುತ್ತಿದರೆ ಮುಕ್ಕಾಲು ಪಾಲು ಹೋಗುತ್ತದೆ. ಕಾಗದ ಹಿಡಿಸದ ಜಾಗಕ್ಕೆ ನಾನೇ ಕಲಸಿಕೊಂಡ ಬಣ್ಣ ಇದೆ, ಅದರ ಪಾಕ ನನ್ನಲ್ಲೇ ಇರಲಿ.

ಹಾಗಂತ ಎಲ್ಲಕ್ಕೂ ಹಳೇ ಲೆನ್ಸ್ ಎಂದು ನಾನು ಹೇಳುವುದಿಲ್ಲ. 24ಕ್ಕಿಂತ ಅಗಲವಾದದ್ದು ನೇಟಿವ್ ಇರಲಿ. ಹಳೇ 20, 18ಗಳು ಕನ್ನಡಿಗೆ ಜಾಗ ಬಿಡಬೇಕಾಗಿ ತಿಣುಕುತ್ತಾ ಮಾಡಿದ ವಿನ್ಯಾಸಗಳು. ಹೊಸದರಲ್ಲಿ ಹಿಂದಿನ ಗಾಜು ಸೆನ್ಸರ್‌ಗೆ ಅಂಟಿಕೊಂಡಂತೆ ಕೂರಬಹುದು, ಉಳಿದ ವಕ್ರತೆಯನ್ನು ಬಾಡಿಯೇ ತಿದ್ದುತ್ತದೆ. ರೇಂಜ್‌ಫೈಂಡರ್‌ನ (ಲೈಕಾ ಎಂನಂಥ, ಕನ್ನಡಿಯಿಲ್ಲದ ಹಳೇ ಬಗೆಯ ಕ್ಯಾಮೆರಾ) ವೈಡ್ ಲೆನ್ಸ್ ಚಿಕ್ಕದು, ಮುದ್ದಾದದ್ದು ಎಂದು ಮೋಸ ಹೋಗಬೇಡಿ. ಲೈಕಾ ಡಿಜಿಟಲ್ ಎಂ ಬಾಡಿಗಳ ಸೆನ್ಸರ್ ಮೇಲಿನ ಗಾಜು 1 ಎಂಎಂಗಿಂತ ತೆಳು, ಉಳಿದ ಹಲವು ಮಿರರ್‌ಲೆಸ್‌ಗಳಲ್ಲಿ 2ರ ಆಸುಪಾಸು. ಓರೆಯಾಗಿ ಬರುವ ಕಿರಣ ಆ ದಪ್ಪದಲ್ಲಿ ಸರಿದು ಮೂಲೆ ಎಳೆದಂತಾಗುತ್ತದೆ. ಇದನ್ನು ಯಾವ ಶಿಮ್ಮೂ ಸರಿಮಾಡದು. ಓಡುವ ಮಕ್ಕಳು, ಆಟೋಟ, ಹಕ್ಕಿ, ಗಿಂಬಲ್ (ಅಲುಗಾಟ ತಡೆಯುವ ಹಿಡಿ) ಮೇಲಿನ ವಿಡಿಯೋ: ಇಲ್ಲೂ ನೇಟಿವ್, ಚರ್ಚೆ ಬೇಡ.

ಎಲೆಕ್ಟ್ರಾನಿಕ್ ಅಡಾಪ್ಟರ್‌ಗಳ ಲೆಕ್ಕ ಬೇರೆ. ಕ್ಯಾನನ್‌ನ ಎಸ್‌ಎಲ್‌ಆರ್ ಮೌಂಟ್ ಇಎಫ್ 1987ರಿಂದಲೂ ಪೂರ್ತಿ ವಿದ್ಯುತ್ ಸಂಪರ್ಕದ್ದು, ಅದರ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ಗೆ 24 ಎಂಎಂ ಉದ್ದದ ಕೊಳವೆ ಸೇರಿಸಿದರೆ ನೇಟಿವ್‌ನಂತೆಯೇ ನಡೆಯುತ್ತದೆ. ಇರುವ ಇಎಫ್ ಲೆನ್ಸ್‌ಗಳನ್ನು ಆತುರದಲ್ಲಿ ಮಾರುವವರನ್ನು ಕಂಡರೆ ನನಗೆ ಅಚ್ಚರಿ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ, ಲೆನ್ಸಿನಲ್ಲೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳು ತಾವೇ ಫೋಕಸ್ ಆಗುತ್ತವೆ, ಬಾಡಿಯ ಮೋಟಾರ್ ನಂಬಿದ ಸ್ಕ್ರೂ ಡ್ರೈವ್‌ನ ಎಎಫ್-ಡಿ ಆಗುವುದಿಲ್ಲ, ಅಡಾಪ್ಟರ್ ಒಳಗೆ ಮೋಟಾರೇ ಇಲ್ಲ.

ಹಣದ ಮಾತು. ನಿಕ್ಕಾರ್‌ನ 24, 55 ಮೈಕ್ರೋ (ತೀರ ಹತ್ತಿರದ ಚಿತ್ರಕ್ಕೆ), 105 ಎಫ್/2.5 ಮೂರೂ ಸೇರಿ ನನಗೆ ಬಿದ್ದದ್ದು ಒಂದು ಒಳ್ಳೆಯ ನೇಟಿವ್ ಪ್ರೈಮ್‌ನ (ಜೂಮ್ ಇಲ್ಲದ ಲೆನ್ಸ್) ಅರ್ಧದಷ್ಟು. ಆದರೆ ಲೆನ್ಸ್ ಬೆಲೆ ಒಂದನ್ನೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. 55 ಎಫ್/2.8ರಲ್ಲಿ ಹೆಲಿಕಾಯ್ಡ್ (ಫೋಕಸ್‌ನ ತಿರುಪು) ಗ್ರೀಸ್ ಗಟ್ಟಿಯಾಗಿ, ಎಣ್ಣೆ ಅಪರ್ಚರ್ ಎಲೆಗಳಿಗೆ ಹರಿಯುವುದು ಮಾಮೂಲು. ಬಿಚ್ಚಿ ಶುಚಿ ಮಾಡಿಸಲು ಲೆನ್ಸ್ ಕೊಂಡಷ್ಟೇ ಖರ್ಚಾಯಿತು. ಕೊಳ್ಳುವ ಮುನ್ನ ಹಿಂದಿನ ಲಿವರ್ ತಳ್ಳಿ ಬಿಡಿ, ಎಲೆಗಳು ಚಟ್ಟನೆ ಹಿಂದಿರುಗಬೇಕು. ಲೆನ್ಸ್‌ಗೊಂದು ಅಡಾಪ್ಟರ್ ಶಾಶ್ವತವಾಗಿ ಮೀಸಲಿಡುವ ಖರ್ಚನ್ನೂ ಸೇರಿಸಿಕೊಳ್ಳಿ. ಶಿಮ್ ಹಾಕಿದ ಅಡಾಪ್ಟರ್ ಆ ಲೆನ್ಸಿನದೇ, ಬೇರೆಯದಕ್ಕೆ ಹೊಂದುವುದು ಅದೃಷ್ಟ.

ನಡುವೆ ಹಳದಿ ತಿರುಗಿದ ಪೆಂಟಾಕ್ಸ್‌ನ 50 ಎಫ್/1.4 ಟಾಕುಮಾರ್ ಲೆನ್ಸ್ ಒಂದನ್ನು ಯುವಿ ಎಲ್‌ಇಡಿ ಕೆಳಗೆ ಇಟ್ಟು ನೋಡಿದೆ. ಗಾಜಿನಲ್ಲಿರುವ ಥೋರಿಯಂನಿಂದ ಬಂದ ಹಳದಿ ಅದು. ಕೆಲವು ದಿನಗಳಲ್ಲಿ ಬಹುಪಾಲು ಇಳಿಯಿತು. ಬಿಸಿಲಲ್ಲೂ ಇಳಿಯುತ್ತದೆ, ಆದರೆ ಗ್ರೀಸ್ ಕರಗುವ ಭಯ. ಈ ಲೆನ್ಸ್‌ನಲ್ಲಿ ಎಫ್/1.4ಕ್ಕೆ ಫೋಕಸ್ ಮಾಡಿ ಎಫ್/2.8ಕ್ಕೆ ಇಳಿಸಿದರೆ ಫೋಕಸ್ ಜಾರುತ್ತದೆ. ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿ. ಎಫ್/5.6 ದಾಟಿದ ಮೇಲೆ ಪರದೆ ಕಪ್ಪಿಟ್ಟು ಕಷ್ಟ, ಆಗ 5.6ರಲ್ಲಿ ಮಾಡಿ ಇಳಿಸಿದರೆ ಸಾಕು. ಪೀಕಿಂಗ್‌ನ (ಫೋಕಸ್ ಆದ ಅಂಚಿಗೆ ಕ್ಯಾಮೆರಾ ಬಣ್ಣ ಹಚ್ಚಿ ತೋರಿಸುವುದು) ಕೆಂಪು ಗೆರೆ ನಂಬಿ ಎಫ್/1.4ರಲ್ಲಿ ಮುಖ ತೆಗೆದರೆ ಕಣ್ಣಿನ ಬದಲು ಹುಬ್ಬು ಸಿಗುತ್ತದೆ, ಹಿಗ್ಗಿಸಿಯೇ ನೋಡಬೇಕು.

ಹೊಸ ಕ್ಯಾಮೆರಾಗೆ ಮೊದಲ ಸಲ ಈ ಹಳೇ ಲೆನ್ಸ್‌ಗಳನ್ನು ಹಾಕುವಾಗ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಕ್ಲಿಕ್ಕೇ ಅನ್ನದು. ಕೈ ನಡುಕ ಸರಿದೂಗಿಸಲು ಸೆನ್ಸರ್ ಅಲುಗಿಸುವ ಸ್ಟೆಬಿಲೈಸೇಶನ್‌ಗೆ ಫೋಕಲ್ ಲೆಂಗ್ತ್ ಕೈಯಾರೆ ಕೊಡಬೇಕು. 24 ಹಾಕಿಕೊಂಡು ಒಳಗೆ 105 ಎಂದೇ ಉಳಿದಿದ್ದರೆ ಸೆನ್ಸರ್ ಅತಿಯಾಗಿ ಅಲುಗಿ, ಸ್ಟೆಬಿಲೈಸೇಶನ್ ಆಫ್ ಮಾಡಿದ್ದಕ್ಕಿಂತಲೂ ಚಿತ್ರ ಹೆಚ್ಚು ಅದುರುತ್ತದೆ. ಈ ಸೆಟ್ಟಿಂಗ್‌ಗೆ ನಾನು ಒಂದು ಬಟನ್ನನ್ನೇ ಮೀಸಲಿಟ್ಟಿದ್ದೇನೆ.