ಫಿಕ್ಸಿ ಫ್ರೇಮ್ ಕೊಳ್ಳುವ ಮುಂಚೆ ಟೇಪ್ ಹಿಡಿಯಿರಿ

ಫಿಕ್ಸಿ ಎಂದರೆ ಫ್ರೀವೀಲ್ ಇಲ್ಲದ ಸೈಕಲ್. ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ಇದೊಂದು ನೆನಪಿಟ್ಟುಕೊಂಡರೆ ಫ್ರೇಮಿನ ಅರ್ಧ ಲೆಕ್ಕ ತಾನಾಗೇ ಅರ್ಥವಾಗುತ್ತದೆ.

ನಾನು ಮೊದಲು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ ಫ್ರೇಮ್, ಅಂದರೆ ರೇಸಿನ ಅಂಕಣಕ್ಕೆಂದೇ ಮಾಡಿದ್ದು. ಗಿಣಿಹಸಿರು ಬಣ್ಣ ನೋಡಿ ಮರುಳಾಗಿದ್ದೆ. ಮನೆಗೆ ತಂದ ಮೇಲೆ ನೋಡಿದರೆ ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಬ್ರೇಕ್ ಕೂರಿಸುವ ತೂತೇ ಇಲ್ಲ. 28 ಮಿ.ಮೀ. ಅಗಲದ ಟೈರ್ ಒಳಗೆ ಹಿಡಿಸಲೇ ಇಲ್ಲ. ಮಾರಿದವರ ತಪ್ಪೇನಿಲ್ಲ ಬಿಡಿ, ನಾನು ಕೇಳಿರಲೇ ಇಲ್ಲ.

ಮೊದಲು ಜಾಗ ನಿರ್ಧರಿಸಿ

ವೆಲೊಡ್ರೋಮಿಗೋ (ಸೈಕಲ್ ರೇಸಿಗೆಂದೇ ಕಟ್ಟಿದ ಸುತ್ತು ಟ್ರ್ಯಾಕ್), ರಸ್ತೆಗೋ? ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ಟ್ರ್ಯಾಕ್ 250 ಮೀಟರಿನದು. ಅಂಥ ಕಡೆ ತಿರುವುಗಳು ಗೋಡೆಯಂತೆ ಎದ್ದಿರುತ್ತವೆ, ನೆಲ ನುಣ್ಣಗಿರುತ್ತದೆ, ಸ್ಪರ್ಧೆಯ ಸೈಕಲ್ಲಿಗೆ ಬ್ರೇಕ್ ಇರುವಂತಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಇದೆಲ್ಲ ತಿರುಗುಮುರುಗು. ಎರಡಕ್ಕೂ ಒಂದೇ ಫ್ರೇಮ್ ಸಾಕು ಎನ್ನುವವರಿದ್ದಾರೆ, ನನಗಂತೂ ಒಪ್ಪಿಗೆಯಿಲ್ಲ. ಮುಂದೆ ಹೇಳುವುದು ಹೆಚ್ಚಾಗಿ ರಸ್ತೆಯವರಿಗೆ.

ಹಿಂಚಕ್ರದ ಸೀಳು ನೋಡಿ

ಫ್ರೇಮಿನಲ್ಲಿ ಹಿಂಚಕ್ರದ ಆಕ್ಸಲ್ ಕೂರುವ ಸೀಳು ಅಡ್ಡಕ್ಕೆ ಇರಬೇಕು, ಬಾಯಿ ಹಿಂದಕ್ಕೆ ತೆರೆದಿರಬೇಕು. ಫಿಕ್ಸಿಯಲ್ಲಿ ಚೈನ್ ಬಿಗಿ ಮಾಡುವುದು ಚಕ್ರವನ್ನು ಹಿಂದಕ್ಕೆ ಎಳೆದೇ. ಗೇರ್ ಸೈಕಲ್ಲಿನಂತೆ ಸೀಳು ನೇರ ಕೆಳಕ್ಕಿದ್ದರೆ ಎಳೆಯಲು ಜಾಗವೇ ಇರುವುದಿಲ್ಲ. ಹಿಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಬದಲಾದರೆ ಆಕ್ಸಲ್ ಸುಮಾರು 3 ಮಿ.ಮೀ. ಆಚೀಚೆ ಹೋಗುತ್ತದೆ. ಹಾಗಾಗಿ ಸೀಳು ಉದ್ದ ಇದ್ದಷ್ಟೂ ಅನುಕೂಲ. ಎರಡು ಬದಿಯ ಸೀಳುಗಳ ನಡುವಿನ ಅಂತರ 120 ಮಿ.ಮೀ. ಇರಬೇಕು, ಟ್ರ್ಯಾಕ್ ಚಕ್ರದ ನಡುವಿನ ಹಬ್‌ಗಳ ಅಳತೆ ಅದೇ.

ಬ್ರೇಕಿನ ತೂತು

ಕಾಲಲ್ಲೇ ನಿಲ್ಲಿಸ್ತೀನಿ ಎನ್ನುವ ಹುಡುಗರು ಬೇಕಾದಷ್ಟು ಜನ. ಆದರೆ ನಿಲ್ಲಿಸುವಾಗ ಮೈಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಸುಮ್ನೆ ಜಾರುತ್ತದೆ. ಚೈನ್ ಕಳಚಿತೋ, ಕಾಲಿನ ಹಿಡಿತವೂ ಹೋಯಿತು. ಫೋರ್ಕಿನ ತಲೆಯಲ್ಲಿ ಮುಂದಿನ ಬ್ರೇಕಿಗೆ ತೂತು ಇಲ್ಲದ ಫ್ರೇಮನ್ನು ರಸ್ತೆಗೆ ತರಬೇಡಿ. ಆಮೇಲೆ ಕೊರೆಸಿದರಾಯಿತು ಎಂದುಕೊಳ್ಳಲೂಬೇಡಿ. ಜಾಸ್ತಿ ಭಾರ ಬೀಳುವ ಜಾಗ ಅದು.

ಜಪಾನಿನ ಕೀರಿನ್ ಫ್ರೇಮ್‌ಗಳ ಮೋಹ ಇರುವವರಿಗೆ ಇಲ್ಲೇ ಒಂದು ಮಾತು. ಕೀರಿನ್ ಅಲ್ಲಿ 1948ರಲ್ಲಿ ಕೊಕುರಾದಲ್ಲಿ ಶುರುವಾದ ಬಾಜಿ ರೇಸ್. ಅದರ ಹೆಚ್ಚಿನ ಸೈಕಲ್‌ಗಳು ಎನ್‌ಜೆಎಸ್ ಮುದ್ರೆಯ, ಅಂದರೆ ಆ ರೇಸಿಗೆ ಒಪ್ಪಿಗೆ ಪಡೆದ, ಸ್ಟೀಲ್ ಫ್ರೇಮ್‌ನವು. ಬೆಸುಗೆಯ ಕೆಲಸ ನೋಡುತ್ತಾ ನಿಂತುಬಿಡಬಹುದು, ಅಷ್ಟು ಚೆಂದ. ಆದರೆ ಅವನ್ನು ಮಾಡಿದ್ದು ಟ್ರ್ಯಾಕಿಗೆ. ಎಷ್ಟೋ ಫ್ರೇಮ್‌ಗಳಲ್ಲಿ ಬ್ರೇಕಿನ ತೂತೂ ಇಲ್ಲ, ದಪ್ಪ ಟೈರಿಗೆ ಜಾಗವೂ ಇಲ್ಲ.

ಕಾಲ್ಬೆರಳು ಚಕ್ರಕ್ಕೆ ತಾಗುತ್ತಾ?

ನಿಧಾನವಾಗಿ ಯೂ-ಟರ್ನ್ ತೆಗೆದುಕೊಳ್ಳುವಾಗ ಮುಂದಿನ ಚಕ್ರ ಬೂಟಿಗೆ ತಾಗುತ್ತದೆ. ಮಾಮೂಲಿ ಸೈಕಲ್ಲಿನಲ್ಲಾದರೆ ಪೆಡಲ್ ನಿಲ್ಲಿಸಬಹುದು. ಇಲ್ಲಿ ಆಗಲ್ಲ ಅಲ್ವಾ? ನಾನು ಬಿದ್ದಿದ್ದು ಹೀಗೇ, ನಮ್ಮ ಮನೆ ಗೇಟಿನ ಮುಂದೆಯೇ.

ಲೆಕ್ಕ ಸುಲಭ. ಕ್ರ್ಯಾಂಕ್, ಅಂದರೆ ಪೆಡಲಿನ ಕೈ, ತಿರುಗುವ ನಡುಬಿಂದುವಿನಿಂದ ಮುಂದಿನ ಆಕ್ಸಲಿಗಿರುವ ದೂರವನ್ನು ಟೇಪಿನಲ್ಲಿ ಅಳೆಯಿರಿ. ಕಂಪನಿಯ ಅಳತೆ ಪಟ್ಟಿಯಲ್ಲಿ ಇದಕ್ಕೆ ಫ್ರಂಟ್ ಸೆಂಟರ್ ಎನ್ನುತ್ತಾರೆ. 28ರ ಟೈರ್ ಸೇರಿ ಚಕ್ರದ ನಡುವಿನಿಂದ ಅಂಚಿನವರೆಗೆ ಸುಮಾರು 340 ಮಿ.ಮೀ., ಕ್ರ್ಯಾಂಕ್ 165, ಪೆಡಲಿನಿಂದ ಮುಂದಕ್ಕೆ ಚಾಚುವ ಬೂಟು ಸುಮಾರು 100. ಒಟ್ಟು 605. ನಿಮ್ಮ ಅಳತೆ ಇದಕ್ಕಿಂತ ಕಡಿಮೆ ಬಂದರೆ ಕಾಲು ತಾಗುವ ಸಾಧ್ಯತೆ ಇದ್ದೇ ಇದೆ. ಸಣ್ಣ ಸೈಜಿನ ಫ್ರೇಮ್‌ಗಳಲ್ಲಿ ಇದು ಜಾಸ್ತಿ. ಕುಳ್ಳಗಿರುವವರು ಈ ಅಂಕಿಯನ್ನು ಕೇಳದೆ ದುಡ್ಡು ಕೊಡಬೇಡಿ.

ಪೆಡಲ್ ನೆಲಕ್ಕೆ ತಾಗುವ ಕಥೆಯೂ ಇಂಥದೇ. ತಿರುವಿನಲ್ಲಿ ಒಳಗಿನ ಪೆಡಲನ್ನು ಮೇಲೆತ್ತಿ ಹಿಡಿಯಲು ಇಲ್ಲಿ ಬರುವುದಿಲ್ಲ. ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್ ಚಕ್ರದ ಆಕ್ಸಲಿಗಿಂತ ಎಷ್ಟು ಕೆಳಗಿದೆ ಎಂದು ನೋಡಿ. ರೋಡ್ ಬೈಕಿನಲ್ಲಿ ಅದು 70 ಮಿ.ಮೀ. ಆಸುಪಾಸು. ಫಿಕ್ಸಿಗೆ 50ರಿಂದ 60 ಒಳ್ಳೆಯದು.

ಸೈಜು, ಲೋಹ

ಸೀಟ್ ಟ್ಯೂಬಿನ ಉದ್ದ ನೋಡಿ ಸೈಜು ತೀರ್ಮಾನಿಸಬೇಡಿ. ಸೀಟು ಏರಿಸಬಹುದು, ಇಳಿಸಬಹುದು. ಮೇಲಿನ ಟ್ಯೂಬ್ ಉದ್ದವಾಗಿಬಿಟ್ಟರೆ ಮಾತ್ರ ಬೆನ್ನು ನೋವು ಗ್ಯಾರಂಟಿ. ಈಗ ಆರಾಮಾಗಿ ಓಡಿಸುತ್ತಿರುವ ಸೈಕಲ್ಲಿನ ಅಳತೆ ತೆಗೆದು ಹೋಲಿಸುವುದು ಎಲ್ಲಕ್ಕಿಂತ ಸುಲಭ. ಹ್ಯಾಂಡಲ್ ಕೂರುವ ಮುಂದಿನ ಹೆಡ್ ಟ್ಯೂಬ್ 74–75 ಡಿಗ್ರಿ ನೆಟ್ಟಗಿದ್ದರೆ ಹ್ಯಾಂಡಲ್ ಚುರುಕು, 73ರ ಹತ್ತಿರ ಇದ್ದರೆ ನಿಧಾನ.

ಲೋಹದ ಬಗ್ಗೆ ವಾದ ಮಾಡುವವರು ಮಾಡಲಿ. ಗುಂಡಿ, ಹಂಪ್ ಇರುವ ಊರಿಗೆ ನನ್ನ ಓಟು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ) ಸ್ಟೀಲಿಗೆ. ತೂಕ ಸ್ವಲ್ಪ ಜಾಸ್ತಿ, ಆದರೆ ಬಿರುಕು ಬಿಟ್ಟರೆ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಹಗುರ, ಗಟ್ಟಿ, ಆದರೆ ನಡುಗಿಸುತ್ತದೆ. 28ರ ಟೈರ್ ಆರಾಮಾಗಿ ಹಿಡಿಸಬೇಕು, 32 ಹಿಡಿಸಿದರೆ ಇನ್ನೂ ಒಳ್ಳೆಯದು.

ಹಳೆಯದಾದರೆ ದಾರ ಒಯ್ಯಿರಿ

ಹಿಂಚಕ್ರದ ಒಂದು ಸೀಳಿಗೆ ದಾರ ಕಟ್ಟಿ, ಮುಂದಿನ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಸೀಳಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಬದಿ ಅಳೆಯಿರಿ. ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದರೆ ಫ್ರೇಮ್ ಎಲ್ಲೋ ಬೆಂಡಾಗಿದೆ. ಸೀಟ್ ಪೋಸ್ಟ್ ಹೊರಗೆ ತೆಗೆಸಿ. ಬರಲೇ ಇಲ್ಲವೆಂದರೆ ಅಂಟಿಕೊಂಡಿದೆ, ಬಿಟ್ಟು ಬನ್ನಿ. ಬಂದರೆ ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಹೆಡ್ ಟ್ಯೂಬಿನ ಹಿಂದೆ, ಟ್ಯೂಬ್‌ಗಳ ಅಡಿಯಲ್ಲಿ ಬೆರಳಾಡಿಸಿ. ಮುಂದಿನಿಂದ ಗುದ್ದಿದ್ದರೆ ಅಲ್ಲಿ ಸಣ್ಣ ಉಬ್ಬೋ, ಬಣ್ಣ ಸುಕ್ಕುಗಟ್ಟಿದ್ದೋ ಕೈಗೆ ಸಿಗುತ್ತದೆ.

ರೇಟು ಮಾತಾಡುವಾಗ ಫೋರ್ಕ್, ಅದು ತಿರುಗುವ ಬೇರಿಂಗ್ ಅಂದರೆ ಹೆಡ್‌ಸೆಟ್ ಸೇರಿದೆಯಾ ಕೇಳಿ. ಬಾಟಮ್ ಬ್ರಾಕೆಟ್ಟಿನ ತಿರುಪಿನ ಮರೆ (ಥ್ರೆಡ್) ಇಂಗ್ಲಿಷಿನದೋ ಇಟಲಿಯದೋ ಅನ್ನುವುದನ್ನೂ ಕೇಳಿ. ಇಂಗ್ಲಿಷಿನದು 68 ಮಿ.ಮೀ. ಅಗಲ, ಇಟಲಿಯದು 70. ನಮ್ಮ ಅಂಗಡಿಗಳಲ್ಲಿ ಇಂಗ್ಲಿಷಿನ ಸಾಮಾನು ಬೇಗ ಸಿಗುತ್ತದೆ.